ಗುಡಿಸಿದ್ದು ಸೇರಬೇಕಾದ ಜಾಗ

ದೀಪಾವಳಿ ಕಳೆದು ಮಾಗಿಯ ಚಳಿ ಶುರುವಾಗುವ ಹೊತ್ತಿಗೆ ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ಆಕಾಶಮಲ್ಲಿಗೆ ಹೂ ಬಿಡುತ್ತದೆ. ನೆಟ್ಟಗೆ ಎತ್ತರಕ್ಕೆ ಹೋಗುವ ಮರ ಅದು. ತಲೆ ಎತ್ತಿ ನಡೆಯುವ ಅಭ್ಯಾಸವಿಲ್ಲದವರಿಗೆ ಮರ ಹೂಬಿಟ್ಟಿದೆ ಎಂದು ತಿಳಿಯುವುದು ನೆಲ ನೋಡಿದಾಗಲೇ. ಸಂಜೆ ಅರಳಿ, ರಾತ್ರಿಯಿಡೀ ಘಮಘಮಿಸಿ, ಬೆಳಗಾಗುವುದರೊಳಗೆ ಉದ್ದ ತೊಟ್ಟಿನ ಬಿಳಿ ಹೂಗಳು ಕಳಚಿ ಬೀಳುತ್ತವೆ. ಗೇಟಿನಿಂದ ರಸ್ತೆಗೆ ಇಳಿಯುವ ರ‍್ಯಾಂಪು, ಮೋರಿಯ ಮೇಲಿನ ಕಲ್ಲುಚಪ್ಪಡಿ, ರಾತ್ರಿ ನಿಲ್ಲಿಸಿದ ಕಾರಿನ ಬಾನೆಟ್ಟು ಎಲ್ಲವೂ ಬೆಳ್ಳಗಾಗಿರುತ್ತವೆ. ಯಲಹಂಕ ಉಪನಗರದಲ್ಲಿ ನಾವಿರುವ ರಸ್ತೆಗೆ ನವೆಂಬರ್, ಡಿಸೆಂಬರ್ ಎಂದರೆ ಈ ಬಿಳುಪು. ಹಿಮ ಬೀಳದ ಊರಿಗೆ ಇದೇ ಹಿಮ.

ನೋಡುವುದಕ್ಕೆ ಚೆಂದ. ಆದರೆ ಹಾಗೇ ಬಿಟ್ಟರೆ ಎಂಟು ಗಂಟೆಯ ಹೊತ್ತಿಗೆ ಹೂ ಕಾಲಿಗೆ ಸಿಕ್ಕಿ ಕಂದಾಗುತ್ತದೆ. ಇಬ್ಬನಿಯಲ್ಲಿ ನೆನೆದ ದಳಗಳು ಸಿಮೆಂಟಿನ ಇಳಿಜಾರಿನ ಮೇಲೆ ಜಾರುತ್ತವೆ. ಹಾಲಿನ ಪ್ಯಾಕೆಟ್ಟು ತರುವ ಹುಡುಗ ಬೈಕನ್ನು ಒಂದೇ ಸಲ ತಿರುಗಿಸುತ್ತಾನೆ, ಎದುರು ಮನೆಯ ಅಜ್ಜಿ ಊರುಗೋಲು ಹಿಡಿದು ದೇವಸ್ಥಾನಕ್ಕೆ ಹೊರಡುತ್ತಾರೆ. ಹಾಗಾಗಿ ಗುಡಿಸಲೇಬೇಕು. ಒಳಗಿನ ನೆಲಕ್ಕೆ ಆಗಿಬರುವ ಹುಲ್ಲಿನ ಪೊರಕೆ ಇಲ್ಲಿ ಸಾಲದು, ತೆಂಗಿನ ಕಡ್ಡಿ ಪೊರಕೆಯೇ ಬೇಕು. ಒಣ ಎಲೆ ಪೊರಕೆ ತಾಕಿದ ಕೂಡಲೇ ಹಗುರಾಗಿ ಸರಿಯುತ್ತದೆ. ಒದ್ದೆ ಹೂ ಹಾಗಲ್ಲ, ನೆಲಕ್ಕೆ ಅಂಟಿ ಕೂತಿರುತ್ತದೆ. ಕಡ್ಡಿಯ ತುದಿಯನ್ನು ಸ್ವಲ್ಪ ಓರೆಯಾಗಿ ಹಿಡಿದು, ಒತ್ತದೆ ಸಣ್ಣಸಣ್ಣ ಎಳೆತದಲ್ಲಿ ಬಿಡಿಸಬೇಕು. ಆಮೇಲೆ ಮೊರಕ್ಕೆ ತುಂಬಬೇಕು. ಮರುದಿನ ಬೆಳಿಗ್ಗೆ ಎದ್ದರೆ ನೆಲ ಮತ್ತೆ ಬೆಳ್ಳಗಿರುತ್ತದೆ.

ನನ್ನ ತಮ್ಮ ಕೆನಡಾದ ಒಂಟಾರಿಯೊದಲ್ಲಿದ್ದಾನೆ. ಇದೇ ತಿಂಗಳುಗಳಲ್ಲಿ ಅವನದು ಬೇರೆ ಬಿಳುಪಿನ ಜೊತೆಗಿನ ಕೆಲಸ. "ಅಕ್ಕ, ಆರು ಗಂಟೆಗೇ ಎದ್ದು ಎಳೀಬೇಕು, ಇಲ್ದಿದ್ರೆ ಕಾರು ಆಚೆ ಬರಲ್ಲ" ಎನ್ನುತ್ತಾನೆ. ಹೊಸದಾಗಿ ಬಿದ್ದ ಹಿಮ ಕಣ್ಣಿಗೆ ಹಗುರ. ಸುಮಾರು 10 ಇಂಚು ಹಿಮ ಕರಗಿದರೆ 1 ಇಂಚು ನೀರು ಎನ್ನುವುದು ಅಲ್ಲಿನ ಒರಟು ಲೆಕ್ಕ. ಆದರೂ ಮನೆ ಮುಂದಿನ 50 ಚದರ ಮೀಟರ್ ದಾರಿಯ ಮೇಲೆ 20 ಸೆಂಟಿಮೀಟರ್ ಹಿಮ ಕೂತರೆ, ಅದೇ ಲೆಕ್ಕದಲ್ಲಿ, ಸಲಿಕೆಯಿಂದ ಎತ್ತಿ ಹಾಕಬೇಕಾದ ತೂಕ 1 ಟನ್ನು. ಹಿಮ ಒದ್ದೆಯಾಗಿದ್ದರೆ ಅದರ ಎರಡು ಮೂರು ಪಟ್ಟು. ಚಳಿಗೆ ರಕ್ತನಾಳಗಳು ಬಿಗಿದಿರುವಾಗ ಅಷ್ಟು ಭಾರ ಎತ್ತಿದರೆ ಹೃದಯಕ್ಕೆ ಪೆಟ್ಟು ಎಂದು ವಯಸ್ಸಾದವರಿಗೆ ಅಲ್ಲಿನ ವೈದ್ಯರು ಪ್ರತಿ ಚಳಿಗಾಲದಲ್ಲೂ ಎಚ್ಚರಿಕೆ ಕೊಡುತ್ತಾರೆ. ತಮ್ಮ ತನ್ನ ದಾರಿ ಬಿಡಿಸಿದ ಮೇಲೆ ಪಕ್ಕದ ಮನೆಯ ಮುದುಕರ ಬಾಗಿಲನ್ನೂ ಬಿಡಿಸಿ ಬರುತ್ತಾನೆ. ಅಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ದೊಡ್ಡ ಗಾಡಿ ಬಂದು, ಅವನು ಬಿಡಿಸಿದ ದಾರಿಯ ಬಾಯಿಗೇ ಹಿಮದ ದಿಂಡು ಕಟ್ಟಿ ಹೋಗಿರುತ್ತದೆ. ಅದನ್ನೂ ತೆಗೆಯಬೇಕು. ರಾತ್ರಿ ಮತ್ತೆ ಬೀಳುತ್ತದೆ.

ಬಿದ್ದದ್ದನ್ನು ಎತ್ತಿದಷ್ಟೂ ಬೀಳುವ ಈ ಕೆಲಸಕ್ಕೆ ಏನರ್ಥ ಎಂದು ಕೇಳುವವರಿದ್ದಾರೆ. ಕಟ್ಟಿದ ಗೋಡೆ ನಿಲ್ಲುತ್ತದೆ, ಬರೆದ ಪುಟ ಉಳಿಯುತ್ತದೆ, ಗುಡಿಸಿದ ಅಂಗಳ ಮಾತ್ರ ಒಂದು ರಾತ್ರಿಗೆ ಅಳಿಸಿಹೋಗುತ್ತದೆ. ಆದರೆ ಅಂಗಳ ಶಾಶ್ವತವಾಗಿ ಸ್ವಚ್ಛವಾಗಿರಲಿ ಎಂದು ಯಾರೂ ಗುಡಿಸುವುದಿಲ್ಲ. ಇವತ್ತು ಈ ದಾರಿಯಲ್ಲಿ ನಡೆಯುವವರು ಜಾರದೆ ನಡೆಯಲಿ ಎಂದು ಗುಡಿಸುತ್ತಾರೆ. ಅಜ್ಜಿ ದೇವಸ್ಥಾನಕ್ಕೆ ಹೋಗಿ ಬಂದರು, ಹುಡುಗ ಹಾಲು ಕೊಟ್ಟು ಹೋದ. ಕೆಲಸದ ಫಲ ಅಲ್ಲೇ ಸಂದಿತು. ಉಳಿಯುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಸಣ್ಣ ಕೆಲಸ ಎನ್ನುವುದಾದರೆ ಅಡುಗೆಯನ್ನೂ ಸಣ್ಣದು ಎನ್ನಬೇಕಾಗುತ್ತದೆ, ಹಸುಗೂಸಿಗೆ ಎರೆಯುವುದನ್ನೂ ಸಣ್ಣದು ಎನ್ನಬೇಕಾಗುತ್ತದೆ. ಬದುಕನ್ನು ದಿನದಿಂದ ದಿನಕ್ಕೆ ದಾಟಿಸುವುದೇ ಇಂಥ ಕೆಲಸಗಳು.

ಆ ಮರವನ್ನು ನೋಡಿದರೂ ಇದೇ ಮಾತು. ಆಕಾಶಮಲ್ಲಿಗೆ ಬರ್ಮಾ ಮತ್ತು ಅದರಾಚೆಯ ಆಗ್ನೇಯ ಏಷ್ಯಾದ ಮರ. ಉದ್ದ ಸೊಂಡಿಲಿನ ರಾತ್ರಿ ಪತಂಗಗಳು ಬರಲಿ ಎಂದು ಕತ್ತಲಲ್ಲಿ ಬಿಳಿಯಾಗಿ ಅರಳಿ ಪರಿಮಳ ಚೆಲ್ಲುವುದು ಅದರ ಹುಟ್ಟುಗುಣ. ನಮ್ಮ ಕಡೆ ಅದು ಕಾಯಿ ಕಟ್ಟುವುದು ಅಪರೂಪ. ಹೆಚ್ಚಾಗಿ ಬೇರಿನಿಂದ ಏಳುವ ಮರಿಗಳನ್ನೇ ಕಿತ್ತು ನೆಡುತ್ತಾರೆ. ಒಂದು ಮರ ಒಂದು ಋತುವಿನಲ್ಲಿ ಬಿಡುವ ಅಷ್ಟೂ ಹೂಗಳಲ್ಲಿ ಬಹುಪಾಲು ಬೀಜವಾಗದೆ ಬೀಳುತ್ತವೆ. ಆದರೂ ಮರ ಮುಂದಿನ ವರ್ಷ ಒಂದು ಹೂವನ್ನೂ ಕಡಿಮೆ ಬಿಡುವುದಿಲ್ಲ. ಅದರ ಬುಡದಲ್ಲಿ ಪೊರಕೆ ಹಿಡಿದು ನಿಂತಾಗ ನನ್ನ ಕೆಲಸ ವ್ಯರ್ಥವೆಂದು ಅನ್ನಿಸುವುದಿಲ್ಲ.

ತಮ್ಮನ ಊರಿನಲ್ಲೂ ನಮ್ಮೂರಿನಲ್ಲೂ ಈ ಕೆಲಸ ಮನೆಯವರಿಗಾಗಿ ಮಾತ್ರ ಅಲ್ಲ. ಅಮೆರಿಕ, ಕೆನಡಾದ ಅನೇಕ ನಗರಗಳಲ್ಲಿ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಮನೆಯವರ ಕಾನೂನುಬದ್ಧ ಕರ್ತವ್ಯ. ಬಾಸ್ಟನ್ನಿನಲ್ಲಿ ಹಿಮ ನಿಂತ 3 ಗಂಟೆಯೊಳಗೆ ತೆಗೆಯದಿದ್ದರೆ ದಂಡ ಬೀಳುತ್ತದೆ. ನಮ್ಮಲ್ಲಿ ಆ ಕರ್ತವ್ಯವನ್ನು ಕಾನೂನಿಗಿಂತ ಮೊದಲು ಸಂಪ್ರದಾಯ ಹೊತ್ತಿತ್ತು. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ಬಾಗಿಲು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುತ್ತಾರೆ. ಆ ರಂಗೋಲಿ ಹೊಸ್ತಿಲಿನ ಒಳಗಲ್ಲ, ಹೊರಗೆ. ಮನೆಯವರಿಗಿಂತ ಹೆಚ್ಚಾಗಿ ಬೀದಿಯವರು ಅದನ್ನು ನೋಡುತ್ತಾರೆ. ಈ ಕೆಲಸ ನಡೆಯುವುದು ಚಳಿಯಲ್ಲಿ; ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಅಷ್ಟು ಚಳಿ ಈಗ ಇಲ್ಲವಾದರೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಂಜಿಗೆ ವಿಮಾನಗಳು ತಡವಾಗುವ ಬೆಳಗುಗಳು ಇನ್ನೂ ಇವೆ. ಅಂಥ ಬೆಳಗಿನಲ್ಲಿ ತಣ್ಣೀರಿಗೆ ಕೈ ಹಾಕಿ ಬೀದಿಯ ಒಂದು ತುಂಡನ್ನು ಸ್ವಚ್ಛ ಮಾಡಿ ಇಡುವವರು ಊರಿಗೆ ಒಂದು ಮರ್ಯಾದೆ ಸಲ್ಲಿಸುತ್ತಾರೆ ಎಂದೇ ನಾನು ತಿಳಿದಿದ್ದೇನೆ.

ಇಷ್ಟಾದರೂ ಕೆಲಸ ಅರ್ಧವೇ ಆಗಿರುತ್ತದೆ. ಮೊರ ತುಂಬಿದೆ. ಈಗ ಇದನ್ನು ಎಲ್ಲಿ ಸುರಿಯಬೇಕು? ಗುಡಿಸುವಾಗ ನಾವು ನೋಡುವುದು ಖಾಲಿಯಾದ ನೆಲವನ್ನು. ತುಂಬಿದ ಮೊರದ ಕಡೆ ಲಕ್ಷ್ಯ ಕೊಡುವವರು ಕಡಿಮೆ. ನನ್ನ ಅನುಭವದಲ್ಲಿ, ಒಬ್ಬರು ಎಷ್ಟು ಚೊಕ್ಕಟವಾಗಿ ಗುಡಿಸಿದರು ಎನ್ನುವುದಕ್ಕಿಂತ ಗುಡಿಸಿದ್ದನ್ನು ಎಲ್ಲಿಗೆ ಒಯ್ದರು ಎನ್ನುವುದರಲ್ಲಿ ಅವರ ಸ್ವಚ್ಛತೆ ತಿಳಿಯುತ್ತದೆ.

ನಮ್ಮ ಬಡಾವಣೆಗಳಲ್ಲಿ ಮೊರ ಖಾಲಿಯಾಗುವ ಜಾಗಗಳು ಎಲ್ಲರಿಗೂ ಗೊತ್ತು. ಒಂದು, ಮನೆ ಕಟ್ಟದೆ ಬಿಟ್ಟಿರುವ ಮೂಲೆ ಸೈಟು. ಇವತ್ತು ಅಲ್ಲಿ ಹೂ ಸುರಿದರೆ ನಾಳೆ ಯಾರೋ ಪ್ಲಾಸ್ಟಿಕ್ ಕವರು ಎಸೆಯುತ್ತಾರೆ, ವಾರದಲ್ಲಿ ಅದು ಊರಿನ ಕಸದ ರಾಶಿ. ಎರಡು, ಮೋರಿ. ಚಪ್ಪಡಿಯ ಸಂದಿಯೊಳಗೆ ತಳ್ಳಿಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಹೂಳಿನ ಜೊತೆ ಸೇರಿ ಅಲ್ಲೇ ಗಟ್ಟಿಯಾಗುತ್ತದೆ. ಯಲಹಂಕದವರಿಗೆ ನೀರು ನಿಲ್ಲುವುದು ಏನೆಂದು ಬೇರೆಯವರು ಹೇಳಬೇಕಿಲ್ಲ. ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಜನರನ್ನು 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ಕರೆತಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿನ ಕಾರಣಗಳು ದೊಡ್ಡವು, ಕೆರೆ ಕೋಡಿ ಮತ್ತು ರಾಜಕಾಲುವೆಗಳಿಗೆ ಸಂಬಂಧಿಸಿದವು. ಆದರೂ ನೀರಿನ ಒಂದು ಸಣ್ಣ ದಾರಿಯನ್ನು ನಮ್ಮ ಕೈಯಾರೆ ಮುಚ್ಚುವ ಹಕ್ಕು ನಮಗಿಲ್ಲ.

ಮೂರನೆಯದು ಬೆಂಕಿ. ಜನವರಿ, ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರಿಸುವ ಕಾಲಕ್ಕೆ ಇದು ಹೆಚ್ಚು. ಆರ್.ಟಿ. ನಗರ, ಸಂಜಯನಗರ, ಹೆಬ್ಬಾಳದ ಹಳೆಯ ರಸ್ತೆಗಳಲ್ಲಿ ಹೊಂಗೆ ಮರಗಳ ಸಾಲೇ ಇದೆ. ಬೆಳಿಗ್ಗೆ ಎಲೆ ಗುಡ್ಡೆ ಮಾಡಿ ಕಡ್ಡಿ ಗೀರಿದರೆ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಮಾಗಿಯ ಬೆಳಗುಗಳಲ್ಲಿ ನೆಲಕ್ಕಂಟಿದ ಗಾಳಿ ತಣ್ಣಗೂ ಅದರ ಮೇಲಿನದು ಬೆಚ್ಚಗೂ ಇರುವುದರಿಂದ ಹೊಗೆ ಮೇಲೇಳುವುದಿಲ್ಲ. ಬೀದಿಯ ಮಟ್ಟದಲ್ಲೇ ಹರಡಿ, ಆಸ್ತಮಾ ಇರುವ ಮಗುವಿನ ಕೋಣೆಯ ಕಿಟಕಿಗೆ ಬರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ದಂಡದ ಭಯವಿರಲಿ ಬಿಡಲಿ, ವರ್ಷವಿಡೀ ನಮಗೆ ನೆರಳು ಕೊಟ್ಟ ಎಲೆಯನ್ನು ನೆರೆಯವರ ಉಸಿರಿಗೆ ತುಂಬುವುದು ಯಾವ ಲೆಕ್ಕದಲ್ಲೂ ಸ್ವಚ್ಛತೆಯಲ್ಲ.

ಹಿಮದ ನಾಡಿನಲ್ಲೂ ಇದೇ ಪ್ರಶ್ನೆ ಇದೆ. ತನ್ನ ಹಿಮವನ್ನು ರಸ್ತೆಗೋ ಪಕ್ಕದವರ ದಾರಿಗೋ ತಳ್ಳಬಾರದು ಎಂದು ಅಲ್ಲಿನ ಅನೇಕ ಊರುಗಳ ನಿಯಮ. ಉಳಿದ ಮಂಜುಗಡ್ಡೆ ಕರಗಲೆಂದು ಎರಚುವ ಉಪ್ಪು ವಸಂತದಲ್ಲಿ ನೀರಿನ ಜೊತೆ ಹರಿದು ಹೊಳೆ, ಸರೋವರ ಸೇರುತ್ತದೆ; ಸಿಹಿನೀರಿನ ಜೀವಿಗಳಿಗೆ ಅದು ವಿಷವಾಗುತ್ತಿದೆ ಎಂದು ಅಲ್ಲಿನ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ತಮ್ಮ ಈಗ ಉಪ್ಪು ಕಡಿಮೆ ಮಾಡಿ ಮರಳು ಹಾಕುತ್ತಾನೆ, ಹಿಮವನ್ನು ತನ್ನದೇ ತೋಟದ ಮೇಲೆ ಪೇರಿಸುತ್ತಾನೆ. "ಕರಗಿ ಅಲ್ಲೇ ಇಂಗ್ಲಿ ಅಕ್ಕ, ಮಣ್ಣಿಗೂ ನೀರು ಬೇಕಲ್ಲ" ಎಂದ ಅವನ ಮಾತು ನನಗೆ ಹಿಡಿಸಿತು.

ಅವನಿರುವ ಒಂಟಾರಿಯೊದಲ್ಲೇ 1878ರಲ್ಲಿ ಹುಟ್ಟಿದ ಒಬ್ಬರು ನಮ್ಮ ಹೆಬ್ಬಾಳದ ಮಣ್ಣಿನ ಮೇಲೆ ತಮ್ಮ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದರು. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ದಾರಿ ತೋರಿಸಿದವರು ಅವರು. ಮೈಲುತುತ್ತ, ಸುಣ್ಣದ ಆ ಔಷಧಿಯನ್ನು ರೈತರು ಇವತ್ತಿಗೂ ಮಳೆಗಾಲಕ್ಕೆ ಮುಂಚೆ ಕಲಸುತ್ತಾರೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ, 1899ರಲ್ಲಿ, ಕೃಷಿ ಸಂಶೋಧನೆಗೆಂದು ಹೆಬ್ಬಾಳದಲ್ಲಿ 30 ಎಕರೆ ಜಮೀನು ಸಿಕ್ಕಿತ್ತು. ಅಲ್ಲೇ 1913ರಲ್ಲಿ, ಕೋಲ್ಮನ್ನರ ಕಾಲದಲ್ಲಿ, ಕೃಷಿ ಶಾಲೆ ಬಂತು. ಅದೇ ಬೆಳೆದು 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು, ಹೆಬ್ಬಾಳದಿಂದ ಯಲಹಂಕದ ದಾರಿಯ ಜಿ.ಕೆ.ವಿ.ಕೆ. ಆವರಣಕ್ಕೆ ಹರಡಿತು. ಅಲ್ಲಿ ದಶಕಗಳಿಂದ ನಡೆಯುತ್ತಿರುವ ರಾಗಿಯ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿದ್ದು ಒಂದನ್ನೇ: ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕಿನಲ್ಲಿ ಇಳುವರಿ ಕಾಲಕ್ರಮೇಣ ಕುಗ್ಗುತ್ತದೆ, ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿದ ತಾಕಿನಲ್ಲಿ ನಿಲ್ಲುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಕೊಳೆತು ಮಣ್ಣಾಗುವ ಯಾವುದನ್ನೂ ದೂರಕ್ಕೆ ಸಾಗಿಸುವ ಸಿರಿತನ ಅದಕ್ಕಿಲ್ಲ.

ಹಳ್ಳಿಯವರಿಗೆ ಇದು ಗೊತ್ತಿತ್ತು. ಗುಡಿಸಿದ ಕಸ ತಿಪ್ಪೆ ಸೇರುತ್ತಿತ್ತು, ತಿಪ್ಪೆ ವರ್ಷಕ್ಕೊಮ್ಮೆ ಹೊಲ ಸೇರುತ್ತಿತ್ತು, ಹೊಂಗೆ ಸೊಪ್ಪನ್ನು ಕಡಿದು ಗದ್ದೆಗೆ ತುಳಿಯುತ್ತಿದ್ದರು. ಊರು ಬೆಳೆದು ಹೊಲ ಬಡಾವಣೆಯಾದಾಗ ಗುಡಿಸುವುದು ಉಳಿಯಿತು, ತಿಪ್ಪೆ ಹೋಯಿತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನ ಬೀದಿಗಳಿಗೆ ಸುಮಾರು 15 ಲಕ್ಷ ಸಸಿಗಳು ಬಂದವು. ಇವತ್ತು ನಾವು ನಿಲ್ಲುವ ನೆರಳಿನಲ್ಲಿ ಅವರ ಪಾಲು ದೊಡ್ಡದು. ಅವರು ಮರ ಕೊಟ್ಟರು. ಆ ಮರದ ಎಲೆಗೆ ನೆಲ ಕೊಡುವುದು ನಮ್ಮ ಪಾಲಿನ ಕೆಲಸವಾಗಿತ್ತು. ನಾವು ಮರದ ಬುಡದವರೆಗೂ ಸಿಮೆಂಟು ಎಳೆದೆವು. ಉಣ್ಣಲು ಕೂತವರ ಎಲೆ ಎತ್ತಿಬಿಟ್ಟ ಹಾಗಾಯಿತು. ದೆಹಲಿಯಲ್ಲಿ ಮರದ ಸುತ್ತ 1 ಮೀಟರ್ ಜಾಗದಿಂದ ಕಾಂಕ್ರೀಟು ಕೀಳಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿದೆ. ಆದೇಶಕ್ಕೆ ಕಾಯದೆ ನಮ್ಮ ನಮ್ಮ ಮನೆ ಮುಂದಿನ ಮರಕ್ಕೆ ನಾವೇ ಅಷ್ಟು ಜಾಗ ಬಿಡಿಸಿಕೊಡಬಹುದು.

ಮೊರ ಖಾಲಿಯಾಗುವ ನಾಲ್ಕನೆಯ ದಾರಿ ಕಸದ ಗಾಡಿ, ಎಂದರೆ ಪೌರಕಾರ್ಮಿಕರ ಕೈ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದು, ನಾವೀಗ ಬೆಂಗಳೂರು ಉತ್ತರ ನಗರ ಪಾಲಿಕೆಯವರು. ಹೆಸರು ಬದಲಾದರೂ ಬೆಳಗಿನ ಚಳಿಯಲ್ಲಿ ಹಾಜರಿ ಹಾಕಿ ರಸ್ತೆಗಿಳಿಯುವ ಹೆಂಗಸರು ಬದಲಾಗಿಲ್ಲ. ಅವರಲ್ಲಿ ಬಹುಪಾಲು ದಲಿತರು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಈ ಕೆಲಸಗಾರರ ಬದುಕು ಹೇಗೆ ಸುಧಾರಿಸಬೇಕೆಂದು ವರದಿ ಕೊಟ್ಟಿತು. ಅಂಥ ಚರಿತ್ರೆಯುಳ್ಳ ನಾಡಿನಲ್ಲಿ, ನಮ್ಮ ಬಾಗಿಲಿನ ಹೂವನ್ನು ರಸ್ತೆಯ ಮಧ್ಯಕ್ಕೆ ತಳ್ಳಿ ಒಳಗೆ ಹೋಗುವುದೆಂದರೆ ನಮ್ಮ ಕೆಲಸವನ್ನು ಇನ್ನೊಬ್ಬರ ಬೆನ್ನ ಮೇಲೆ ಇಡುವುದು. ನಮ್ಮ ರಸ್ತೆಗೆ ಬರುವ ಹೆಂಗಸನ್ನು ನಾನು ಅಕ್ಕ ಎಂದೇ ಕರೆಯುವುದು. ಒಮ್ಮೆ ಅವರು ನನ್ನ ಮೊರ ನೋಡಿ ಹೇಳಿದರು: "ಇದನ್ನ ಗಾಡಿಗೆ ಹಾಕ್ಬೇಡಿ ಅಮ್ಮ. ಒದ್ದೆ ಹೂ ಭಾರ. ಮರದ ಬುಡಕ್ಕೇ ಹಾಕಿ, ಹದಿನೈದು ದಿನಕ್ಕೆ ಕಾಣಿಸಲ್ಲ." ನೂರಾರು ಮರಗಳ ಕೆಳಗೆ ಗುಡಿಸಿದವರ ತಿಳಿವಳಿಕೆ ಅದು.

ಅವರ ಮಾತು ಸರಿ. ಆಕಾಶಮಲ್ಲಿಗೆಯ ದಳ ತೆಳ್ಳಗೆ, ಕೆಲವೇ ವಾರಗಳಲ್ಲಿ ಮಣ್ಣಿಗೆ ಇಳಿದುಬಿಡುತ್ತದೆ. ಹೊಂಗೆ ಎಲೆಗೆ ತಿಂಗಳುಗಳು ಬೇಕು. ಎಲೆ ಉದುರಿಸುವ ಮುಂಚೆ ಮರ ಅದರಲ್ಲಿರುವ ಸಾರಜನಕ, ರಂಜಕದ ಒಳ್ಳೆಯ ಪಾಲನ್ನು ಒಳಗೆ ಎಳೆದುಕೊಂಡಿರುತ್ತದೆ. ಉಳಿದದ್ದನ್ನು, ಸುಣ್ಣದ ಅಂಶವನ್ನು, ನೆಲಕ್ಕೆ ಬಿಡುತ್ತದೆ. ಒಣ ಎಲೆಯ ರಾಶಿಗೆ ಆಗಾಗ ನೀರು ಚಿಮುಕಿಸಿ, ಅಡುಗೆಮನೆಯ ಸಿಪ್ಪೆಯನ್ನೋ ಸ್ವಲ್ಪ ಸಗಣಿಯನ್ನೋ ಬೆರೆಸಿ, ನಡುನಡುವೆ ಮಗುಚಿದರೆ ಬೇಗ ಕಳಿಯುತ್ತದೆ. ಮಾಘದಲ್ಲಿ ಗುಡ್ಡೆ ಹಾಕಿದ್ದು ಮುಂಗಾರಿನ ಹೊತ್ತಿಗೆ ಕಪ್ಪಾಗಿ ಪುಡಿಯಾಗುತ್ತದೆ. ತೋಟದ ಕಸವನ್ನು ತಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದವು. ನಮ್ಮ ರಸ್ತೆಯ ಕೆಲವು ಮನೆಯವರು ಸೇರಿ ಪಾರ್ಕಿನ ಬೇಲಿಯ ಪಕ್ಕದಲ್ಲಿ ತಂತಿಬಲೆಯ ಒಂದು ತೊಟ್ಟಿ ನಿಲ್ಲಿಸಿದ್ದೇವೆ. ಗುಡಿಸಿದ್ದು ಅಲ್ಲಿಗೆ ಹೋಗುತ್ತದೆ, ಮಳೆ ಬಂದಾಗ ಅಲ್ಲಿಂದ ಮತ್ತೆ ಮರಗಳ ಬುಡಕ್ಕೆ. ಪ್ಲಾಸ್ಟಿಕ್ ಬೀಳದಂತೆ ನೋಡಿಕೊಳ್ಳುವುದೊಂದೇ ನಿತ್ಯದ ಎಚ್ಚರ.

ನೆಲಕ್ಕೆ ಬಿದ್ದ ಹೂ ದೇವರಿಗೆ ಸಲ್ಲದು, ಪಾರಿಜಾತ ಒಂದನ್ನು ಬಿಟ್ಟು ಎನ್ನುತ್ತಾರೆ ಹಿರಿಯರು. ದೇವರಿಗೆ ಸಲ್ಲದ ಹೂವೂ ಮಣ್ಣಿಗೆ ಸಲ್ಲುತ್ತದೆ. ಎಲ್ಲ ನೆಲವನ್ನೂ ಗುಡಿಸಬೇಕಿಲ್ಲ ಎಂಬುದನ್ನೂ ಈ ಕೆಲಸ ಕಲಿಸುತ್ತದೆ. ಕಾಲಿಡುವ ಜಾಗ ಬಿಡಿಸಿದರೆ ಸಾಕು; ಮರದ ಬುಡದ ಸುತ್ತ, ಗೋಡೆಯ ಬದಿಯ ಮಣ್ಣಿನ ಮೇಲೆ ಬಿದ್ದದ್ದು ಬಿದ್ದಲ್ಲೇ ಇರಲಿ. ಅದು ಕೊಳಕಲ್ಲ. ಎರೆಹುಳು, ಗೆದ್ದಲು, ಬೂಷ್ಟು ಅಲ್ಲಿ ತಮ್ಮ ಕೆಲಸ ನಡೆಸಿರುತ್ತವೆ. ಆ ಕೆಲಸ ನಿಂತರೆ ನಮ್ಮ ನೆರಳೂ ಒಂದು ದಿನ ನಿಲ್ಲುತ್ತದೆ.

ಊರನ್ನು ಸ್ವಚ್ಛವಾಗಿಡುವುದು ಎಂದರೆ ಕಸವನ್ನು ಕಣ್ಣಿನಿಂದ ದೂರ ಮಾಡುವುದು ಎಂದು ನಾವು ಬಹಳ ಕಾಲ ನಂಬಿದೆವು. ದೂರ ಎಂಬ ಜಾಗ ಯಾವುದೂ ಇಲ್ಲ. ನಾವು ದೂರ ಎನ್ನುವ ಕಡೆ ಒಂದು ಹಳ್ಳಿ ಇರುತ್ತದೆ, ಒಂದು ಕೆರೆ ಇರುತ್ತದೆ, ಒಬ್ಬರ ಬೆನ್ನು ಇರುತ್ತದೆ. ಬಾಗಿಲು ಗುಡಿಸುವವರು ದಿನಾ ಎರಡು ಸಾಲ ತೀರಿಸಬೇಕು. ನಡೆಯುವವರಿಗೆ ದಾರಿ ಬಿಡಿಸಿಕೊಡುವುದು ಒಂದು, ಬಿದ್ದದ್ದನ್ನು ಅದು ಹುಟ್ಟಿದ ಮಣ್ಣಿಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದನ್ನು ನಮ್ಮ ತಾಯಂದಿರು ಚೆನ್ನಾಗಿ ಕಲಿಸಿಹೋಗಿದ್ದಾರೆ. ಎರಡನೆಯದು ಅವರ ಕಾಲದಲ್ಲಿ ತಿಪ್ಪೆಯಿಂದಾಗಿ ತಾನಾಗಿಯೇ ನಡೆಯುತ್ತಿತ್ತು. ಈಗ ಅದನ್ನು ನಾವು ಮನಸ್ಸಿಟ್ಟು ಮಾಡಬೇಕು, ರಸ್ತೆ ರಸ್ತೆಯಲ್ಲೂ ಮಾಡಬೇಕು, ನಮ್ಮ ಮಕ್ಕಳ ಕೈಗೂ ಪೊರಕೆಯ ಜೊತೆಗೆ ಅದನ್ನು ಕೊಡಬೇಕು.